ಮಣ್ಣು ತುಂಬಿದ ಗದ್ದೆಗೆ ಮುಯ್ಯಾಳು

“ಅವರವರ ಗದ್ದೆ ಅವರವರು ಸೈಟಿಗೆ ಮಾರಿಕೊಂಡರೆ ತಪ್ಪೇನಜ್ಜಿ?” ಎಂದು ಮಂಚಮ್ಮ ಕೇಳಿದಳು. ದೇವೀರಜ್ಜಿಯ ಹತ್ತಿರ ತತ್ವಪದ ಕಲಿಯಲು ಬಂದವಳು ಇನ್ನೂ ತಂಬೂರಿ ಮುಟ್ಟಿರಲಿಲ್ಲ. ಕಾಲಿನ ಕೆಸರೂ ಆರಿರಲಿಲ್ಲ.

ದೇವೀರಜ್ಜಿ ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. “ಇದು ನಿನ್ನ ಕಿವಿಯಿಂದ ಆಚೆ ಹೋಗಕೂಡದು. ಹೋದರೆ, ನಾನು ಹೇಳೇ ಇಲ್ಲ ಅಂದುಬಿಡ್ತೀನಿ. ಕೇಳು.”

ಒಬ್ಬ ಒಕ್ಕಲಗಿತ್ತಿಗೆ ನಾಲೆಯ ಪಕ್ಕದಲ್ಲಿ ಭತ್ತದ ಗದ್ದೆಯಿತ್ತು. ಅವಳ ಗದ್ದೆ ತುಂಬಿ ಹರಿದ ನೀರೇ ಕೆಳಗಿನ ನೆರೆಯವಳ ಗದ್ದೆಗೆ ಇಳಿಯುತ್ತಿತ್ತು. ನಾಟಿ ಬಂತೆಂದರೆ ಇಬ್ಬರೂ ಮುಯ್ಯಾಳುಗಳು. ಇಂದು ಇವಳು ಅವಳ ಗದ್ದೆಯಲ್ಲಿ ನೆಟ್ಟರೆ, ಆಮೇಲೆ ಅವಳು ಇವಳ ಗದ್ದೆಯಲ್ಲಿ. ಕೂಲಿಯ ಮಾತೇ ಇಲ್ಲ.

ಒಂದು ವರ್ಷ ಒಕ್ಕಲಗಿತ್ತಿ ಗದ್ದೆಯನ್ನು ಸೈಟು ಮಾಡುವವನಿಗೆ ಮಾರಿದಳು. ಗಂಡನ ಬಾಯಿಗೂ ಬೀಗ ಹಾಕಿದಳು. ನೆರೆಯವಳಿಗೆ ತಿಳಿದರೆ ನೀರಿನ ತಕರಾರು ತೆಗೆದು ವ್ಯಾಪಾರ ಮುರಿದಾಳು ಎಂಬ ಭಯ. ನಾಟಿಗೆ ಹೋಗದಿದ್ದರೆ ಅವಳಿಗೆ ಅನುಮಾನ ಬರುತ್ತದಲ್ಲ? ಅದಕ್ಕೇ ಎಲ್ಲರಿಗಿಂತ ಮೊದಲೇ ಹೋಗಿ, ಸೆರಗು ಬಿಗಿದು ಗದ್ದೆಗೆ ಇಳಿದಳು. ನಾಟಿ ಪದವನ್ನೂ ತಾನೇ ಎತ್ತಿಕೊಂಡಳು. ನೆರೆಯವಳು ಬಡಿಸಿದ ಮುದ್ದೆ ಉಂಡು, ಸಾಲದೆಂದು ಇನ್ನೊಂದು ಕೇಳಿ ಹಾಕಿಸಿಕೊಂಡಳು.

“ಎಂಟು ದಿನ ಬಿಟ್ಟು ನಿನ್ನ ಗದ್ದೆಗೆ ಬರ್ತೀನಕ್ಕ” ಎಂದಳು ನೆರೆಯವಳು.

“ಬಾರವ್ವ, ನೀನಲ್ಲದೆ ನನಗೆ ಇನ್ಯಾರು?” ಎಂದಳು ಆ ಮಹಾತಾಯಿ.

ಮಾರನೆಯ ಬೆಳಿಗ್ಗೆ ಲಾರಿಗಳು ಬಂದು ಮೇಲಿನ ಗದ್ದೆಗೆ ಮಣ್ಣು ಸುರಿದವು. ಕೆಳಗಿನ ಗದ್ದೆಗೆ ನೀರು ಇಳಿಯಲಿಲ್ಲ. ನೆಟ್ಟ ಪೈರು ಬಾಡತೊಡಗಿತು. ನೆರೆಯವಳು ಜಗಳಕ್ಕೆ ಬಂದರೆ ಏನೇನು ಅನ್ನಬೇಕೆಂದು ಒಕ್ಕಲಗಿತ್ತಿ ಎಲ್ಲವನ್ನೂ ಬಾಯಿಪಾಠ ಮಾಡಿಟ್ಟುಕೊಂಡಳು. “ನನ್ನ ಗದ್ದೆ, ನನ್ನಿಷ್ಟ” ಎಂಬುದು ಅದರಲ್ಲಿ ಮೊದಲನೆಯ ಮಾತು.

ಹೇಳಿದ ದಿನಕ್ಕೆ ನೆರೆಯವಳು ಬಂದಳು. ಬೈಯಲಿಲ್ಲ. ಸೀರೆ ಎತ್ತಿ ಕಟ್ಟಿದ್ದಳು. ತನ್ನ ಗದ್ದೆಯಲ್ಲಿ ಬಾಡುತ್ತಿದ್ದ ಪೈರನ್ನೇ ಒಂದು ಕಟ್ಟು ಕಿತ್ತು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಮಣ್ಣಿನ ಗುಡ್ಡೆಯ ಮುಂದೆ ನಿಂತು ಒಕ್ಕಲಗಿತ್ತಿಯ ಮುಖ ನೋಡಿ ಹೇಳಿದಳು: “ಮುಯ್ಯಾಳು ಬಂದಿದೀನಿ ಅಕ್ಕ. ಎಲ್ಲಿ ನೆಡಲಿ, ತೋರಿಸು.”

ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

“ಅದಕ್ಕೆ ಅವಳು ಏನಂದಳು ಅಜ್ಜಿ?” ಎಂದು ಮಂಚಮ್ಮ ಮೆಲ್ಲಗೆ ಕೇಳಿದಳು.

ಅಜ್ಜಿ ಅವಳ ಕಾಲಿನ ಕೆಸರು ನೋಡಿದಳು.

“ನೀನು ಇವತ್ತು ಯಾರ ಗದ್ದೆಯಲ್ಲಿ ನೆಟ್ಟು ಬಂದೆ, ಮಂಚಿ?”