ಕರೆಯದೆ ಬರುತ್ತಿದ್ದವರು

“ಸರ್, ನನ್ನ ಹತ್ತಿರ ಮೂರು ಸರ್ಟಿಫಿಕೇಟ್ ಇವೆ. ಆದರೆ ತೋರಿಸಲು ಒಂದೂ ಅಂಕಿ ಇಲ್ಲ. ಮೊದಲ ಕೆಲಸಕ್ಕೆ ಹೋಗುವವರು ಏನನ್ನು ತೋರಿಸಬೇಕು?”

ಹೀಗೆ ಕೇಳಿದವಳು ನಾಗವೇಣಿ. ರಾಣೆಬೆನ್ನೂರಿನ ತರಬೇತಿ ಕೇಂದ್ರವೊಂದರಲ್ಲಿ ಆರು ತಿಂಗಳು ಡಿಜಿಟಲ್ ಮಾರ್ಕೆಟಿಂಗ್ ಕಲಿತಿದ್ದಳು. ಅಂದು ತರಗತಿಯ ಕೊನೆಯ ದಿನ. ಅವಳ ಜೊತೆಯವರು ತಮ್ಮ ತಮ್ಮ ಕೆಲಸದ ಮಾದರಿಗಳ ಪೋರ್ಟ್‌ಫೋಲಿಯೋ ತೆರೆದು, ಎಷ್ಟು ಜನ ನೋಡಿದರು, ಎಷ್ಟು ಜನ ಲಿಂಕ್ ಒತ್ತಿದರು ಎಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಅವಳ ಪುಟ ಖಾಲಿ ಇತ್ತು.

ಕಲಿಸುವವರು ಇನಾಮದಾರ್ ಸರ್. ಇಪ್ಪತ್ತು ವರ್ಷ ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ದುಡಿದು, ಆಮೇಲೆ ಈ ವಿದ್ಯೆಯನ್ನು ತಾವೂ ಹೊಸದಾಗಿ ಕಲಿತವರು. ಅವರು ನೇರವಾಗಿ ಉತ್ತರ ಕೊಡಲಿಲ್ಲ. “ಕೂತುಕೋ” ಎಂದರು. ಮಿಕ್ಕವರೂ ಕೂತರು. ಸರ್ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ತರುಣನಿದ್ದ. ಅವನೂ ನಿಮ್ಮ ಹಾಗೆ ಕಲಿತವನೇ. ಕಲಿತದ್ದನ್ನು ಚೆನ್ನಾಗಿಯೇ ಕಲಿತಿದ್ದ. ಆದರೆ ಯಾವ ಕಂಪನಿಗೆ ಹೋದರೂ ಒಂದೇ ಮಾತು. “ಏನು ಮಾಡಿದ್ದೀರಿ, ತೋರಿಸಿ.” ಏನನ್ನಾದರೂ ಮಾಡಲು ಯಾರಾದರೂ ಕೆಲಸ ಕೊಡಬೇಕು. ಕೆಲಸ ಕೊಡುವವರು ಮೊದಲು ಏನಾದರೂ ಮಾಡಿರಬೇಕು ಎನ್ನುತ್ತಾರೆ. ಒಂಬತ್ತು ತಿಂಗಳು ಅವನು ಹೀಗೆಯೇ ಅಲೆದ.

ಅವನು ಊಟ ಮಾಡುತ್ತಿದ್ದುದು ಬಸ್ ಡಿಪೋ ಹಿಂದಿನ ಒಂದು ಖಾನಾವಳಿಯಲ್ಲಿ. ಅದನ್ನು ಒಬ್ಬ ಹೆಂಗಸು ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳೂ ಅವಳ ನಾದಿನಿಯೂ ಸೇರಿ ಕಟ್ಟಿದ ಖಾನಾವಳಿ ಅದು. ಒಂದೇ ಕೋಣೆ. ನಾಲ್ಕು ಬೆಂಚು. ಇಬ್ಬರೂ ಕೈಯಲ್ಲಿಯೇ ರೊಟ್ಟಿ ಬಡಿಯುತ್ತಿದ್ದರು. ಬರುವವರು ಎಂದಿನವರೇ. ಡಿಪೋದ ಮೆಕ್ಯಾನಿಕ್‌ಗಳು, ನರ್ಸಿಂಗ್ ಕಾಲೇಜಿನ ಹುಡುಗಿಯರು, ಕೋರ್ಟಿನ ಟೈಪಿಸ್ಟ್‌ಗಳು, ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರು.

ತರುಣ ಒಂದು ದಿನ ಊಟ ಮುಗಿಸಿ ಕೈ ತೊಳೆದು ಬಂದು ಅವಳನ್ನು ಕೇಳಿದ. “ಅಕ್ಕಾರ, ನಿಮ್ಮ ಖಾನಾವಳೀದು ಒಂದು ವಿಡಿಯೋ ಮಾಡ್ತೀನ್ರಿ. ನೀವು ಏನೂ ಕೊಡೂದು ಬ್ಯಾಡ.”

“ಉಣ್ಣವ್ರು ದಿನಾ ಬರ್ತಾರಲ್ಲೋ ತಮ್ಮಾ. ಮತ್ಯಾರನ್ನ ಕರೀತಿ?”

“ಇದು ನನಗ ಬೇಕಾಗೈತ್ರಿ. ತೋರ್ಸಾಕ ಏನರ ಇಲ್ಲಂದ್ರ ನೌಕರಿ ಸಿಗೂದಿಲ್ಲ.”

ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ನಿನಗ ನೌಕರಿ ಸಿಗತೈತಿ ಅಂದ್ರ ಮಾಡಪಾ” ಎಂದಳು.

ಅವನು ಒಂದು ನಿಮಿಷದ ವಿಡಿಯೋ ಮಾಡಿದ. ಅದರಲ್ಲಿ ಮಾತಿರಲಿಲ್ಲ, ಹಾಡಿರಲಿಲ್ಲ. ಎರಡು ಕೈ, ಒಂದು ರೊಟ್ಟಿ, ಬಡಿಯುವ ಸದ್ದು, ಅಷ್ಟೇ. ಕೆಲಸ ನಿಜಕ್ಕೂ ಒಳ್ಳೆಯದಿತ್ತು. ಹನ್ನೊಂದು ದಿನದಲ್ಲಿ ಆರು ಲಕ್ಷ ಜನ ಅದನ್ನು ನೋಡಿದರು.

ಮೊದಲ ಭಾನುವಾರ ಏಳು ಕಾರು ಬಂದವು. ಮರುವಾರ ಡಿಪೋ ಗೋಡೆಯ ಉದ್ದಕ್ಕೂ ಕಾರು ನಿಂತವು. ಖಾನಾವಳಿಯ ಬಾಗಿಲಿನಿಂದ ರಸ್ತೆಯ ತಿರುವಿನವರೆಗೆ ಸಾಲು. ತರುಣ ಎದುರಿನ ಕಟ್ಟೆಯ ಮೇಲೆ ಹತ್ತಿ ಆ ಸಾಲಿನ ಫೋಟೋ ತೆಗೆದ. ಫೋಟೋವನ್ನು ತನ್ನ ಪೋರ್ಟ್‌ಫೋಲಿಯೋದ ಮೊದಲ ಪುಟಕ್ಕೆ ಹಾಕಿದ. ಕೆಳಗೆ ಆರು ಲಕ್ಷ ಎಂದು ದಪ್ಪಕ್ಷರದಲ್ಲಿ ಬರೆದ. ಆ ತಿಂಗಳೇ ದೊಡ್ಡ ಊರಿನ ಒಂದು ಕಂಪನಿ ಅವನನ್ನು ಕೆಲಸಕ್ಕೆ ತೆಗೆದುಕೊಂಡಿತು. ಹೊರಡುವ ದಿನ ಖಾನಾವಳಿಗೆ ಹೋದ. ಒಳಗೆ ಹೋಗಲು ಆಗಲಿಲ್ಲ, ಅಷ್ಟು ಜನ. ಹೊರಗಿನಿಂದಲೇ ಕೈ ಎತ್ತಿದ. ಅವಳಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ.

ಕಂಪನಿಯಲ್ಲಿ ಅವನಿಗೆ ಒಳ್ಳೆಯ ಹೆಸರು ಬಂತು. ಹೊಸ ಗಿರಾಕಿ ಬಂದಾಗಲೆಲ್ಲ ಮೇಲಧಿಕಾರಿ ಅವನನ್ನು ಕರೆದು ಆ ಮೊದಲ ಪುಟ ತೋರಿಸುತ್ತಿದ್ದ. ಒಂದು ವರ್ಷ ಹೀಗೆ ಕಳೆಯಿತು. ಆಮೇಲೆ ಒಂದು ಸಭೆಯಲ್ಲಿ ಒಬ್ಬ ಗಿರಾಕಿ, ಬೀಗದ ಕಾರ್ಖಾನೆ ನಡೆಸುವ ವೃದ್ಧ, ಫೋಟೋ ನೋಡಿ ಕೇಳಿದ. “ಈಗ ಈ ಖಾನಾವಳಿ ಹೇಗೆ ನಡೆಯುತ್ತಿದೆ?”

ವಿಚಾರಿಸಿ ಹೇಳುತ್ತೇನೆ ಎಂದ ತರುಣ. ಅವನಿಗೆ ಗೊತ್ತಿರಲಿಲ್ಲ.

ಆ ಶನಿವಾರ ಅವನು ಬಸ್ ಹತ್ತಿ ಊರಿಗೆ ಬಂದ. ಡಿಪೋ ಹಿಂದಕ್ಕೆ ಹೋದ. ಬಾಗಿಲಿಗೆ ಬೀಗ ಬಿದ್ದಿತ್ತು. ಬೋರ್ಡು ಮಾತ್ರ ಇತ್ತು. ಪಕ್ಕದ ಸೈಕಲ್ ಅಂಗಡಿಯವನು, “ಮುಚ್ಚಿ ನಾಕು ತಿಂಗಳಾತ್ರಿ” ಎಂದು ಹೇಳಿ ಅವಳ ಮನೆಯ ದಾರಿ ತೋರಿಸಿದ.

ಅವಳು ಮನೆಯಲ್ಲಿದ್ದಳು. ಈಗ ಮದುವೆ ಛತ್ರಗಳಿಗೆ ಅಡಿಗೆಗೆ ಹೋಗುತ್ತಿದ್ದಳು. ಅವನನ್ನು ಕಂಡು ಮುಖ ತಿರುಗಿಸಲಿಲ್ಲ. ಮಣೆ ಹಾಕಿ ಊಟಕ್ಕೆ ಕೂರಿಸಿದಳು. ಅವನು ರೊಟ್ಟಿ ಮುರಿಯುತ್ತ, “ಏನಾತ್ರಿ ಅಕ್ಕಾರ?” ಎಂದು ಕೇಳಿದ.

ಅವಳು ನಡೆದದ್ದನ್ನು ನಡೆದಂತೆ ಹೇಳಿದಳು. ಡಿಪೋದವರಿಗೆ ಊಟಕ್ಕೆ ಅರ್ಧ ಗಂಟೆ ಮಾತ್ರ. ಸಾಲಿನಲ್ಲಿ ನಿಂತರೆ ಅರ್ಧ ಗಂಟೆ ಅಲ್ಲೇ ಮುಗಿಯುತ್ತಿತ್ತು. ಒಂದು ವಾರ ನೋಡಿದರು, ಬೇರೆ ಕಡೆ ಹೋದರು. ಹುಡುಗಿಯರು ಗದ್ದಲ ಕಂಡು ಹಿಂದೆ ಸರಿದರು. ಬಂದವರಿಗೆಲ್ಲ ಬಡಿದು ಹಾಕಲು ನಾಲ್ಕು ಕೈ ಸಾಲಲಿಲ್ಲ. ಪಕ್ಕದ ಕೋಣೆ ಹಿಡಿದಳು, ಆಳು ಇಟ್ಟಳು, ಕೊನೆಗೆ ರೊಟ್ಟಿ ಮಶೀನು ತಂದಳು. ಕೈರೊಟ್ಟಿ ನೋಡಿ ಬಂದವರು ಮಶೀನಿನ ರೊಟ್ಟಿ ಕಂಡು ಮೋಸವೆಂದು ವಿಡಿಯೋದ ಕೆಳಗೆ ಬರೆದರು. ಅಷ್ಟರಲ್ಲಿ ಹೆದ್ದಾರಿಯಲ್ಲಿ ಇನ್ನೊಂದು ಹೋಟೆಲಿನ ವಿಡಿಯೋ ಬಂತು. ಕಾರುಗಳು ಅತ್ತ ತಿರುಗಿದವು.

“ನೀ ಕರದವ್ರು ಬಂದ್ರು ತಮ್ಮಾ, ಬರಲಿಲ್ಲ ಅನ್ನೂದಿಲ್ಲ” ಎಂದಳು ಅವಳು. “ಕರೀದನ ಬರ್ತಿದ್ದವ್ರು ಹೋದ್ರು.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತರುಣನಿಗೆ ಸುಲಭವಾಗುತ್ತಿತ್ತು. ಅವನು ಕೈ ತೊಳೆದು ಬಂದು ಜೇಬಿನಿಂದ ಒಂದು ಪುಸ್ತಕ ತೆಗೆದ. “ಯಾರ್ಯಾರು ಬರ್ತಿದ್ರು, ಹೇಳ್ರಿ” ಎಂದ.

ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ನಲವತ್ತಮೂರು ಹೆಸರು. ಹೆಸರಿನ ಜೊತೆಗೆ ಒಂದೊಂದು ಮಾತು. ಈ ಮೆಕ್ಯಾನಿಕ್‌ಗೆ ಸಕ್ಕರೆ ಕಾಯಿಲೆ, ಅನ್ನ ಕೇಳಿದರೂ ಹಾಕಬಾರದು. ಆ ಹುಡುಗಿ ಪರೀಕ್ಷೆಯ ದಿನ ಉಣ್ಣುವುದಿಲ್ಲ, ಮೊಸರನ್ನಾದರೂ ಬಲವಂತ ಮಾಡಿ ಕೊಡಬೇಕು. ಈ ಟೈಪಿಸ್ಟ್‌ಗೆ ಮಾತು ಬೇಡ, ಮೂಲೆ ಬೇಕು. ಡ್ರಾಯಿಂಗ್ ಮಾಸ್ತರರಿಗೆ ಹಲ್ಲಿಲ್ಲ, ಅವರು ಬರುವ ಹೊತ್ತಿಗೆ ಮೊದಲೇ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿಡಬೇಕು.

ಕಂಪನಿಯಲ್ಲಿ ತರುಣ ಬರೆಯುತ್ತಿದ್ದುದು ಬೇರೆ ರೀತಿ. ಗ್ರಾಹಕರು, ವಯಸ್ಸು ಹದಿನೆಂಟರಿಂದ ಮೂವತ್ತೈದು, ಆಸಕ್ತಿ ಆಹಾರ ಮತ್ತು ಪ್ರವಾಸ. ಎರಡು ವರ್ಷ ಅವನು ಇದೇ ಜನರ ಪಕ್ಕದಲ್ಲಿ ಕೂತು ಉಂಡಿದ್ದ. ಇವುಗಳಲ್ಲಿ ಒಂದು ಮಾತೂ ಅವನಿಗೆ ಗೊತ್ತಿರಲಿಲ್ಲ.

ಅವನು ಒಂದು ವಾರ ರಜೆ ಹಾಕಿ ನಲವತ್ತಮೂರು ಮನೆ ಹುಡುಕಿದ. ಡಿಪೋಗೆ ಹೋದ, ಕಾಲೇಜಿಗೆ ಹೋದ, ಕೋರ್ಟಿಗೆ ಹೋದ. ಖಾನಾವಳಿ ಮತ್ತೆ ತೆರೆದರೆ ಬರುತ್ತೀರಾ ಎಂದು ಕೇಳಿದ. ಕೆಲವರು ಬರುತ್ತೇವೆಂದರು. ಕೆಲವರಿಗೆ ವರ್ಗವಾಗಿತ್ತು. ಒಬ್ಬ ಮೆಕ್ಯಾನಿಕ್ ಸ್ಪಷ್ಟವಾಗಿ ಬೈದ. “ನಮ್ಮ ಜಾಗಾ ಹಾಳ ಮಾಡಿದವ ನೀನ ಏನು?” ತರುಣ ಹೌದೆಂದ. ಬೈದವನೇ ತನ್ನ ಹೆಸರನ್ನು ಬರುವವರ ಪಟ್ಟಿಯಲ್ಲಿ ಬರೆದುಕೋ ಎಂದ.

ಡ್ರಾಯಿಂಗ್ ಮಾಸ್ತರರ ಮನೆಗೆ ಅವನು ಕೊನೆಯಲ್ಲಿ ಹೋದ. ಬಾಗಿಲು ತೆಗೆದವಳು ಸೊಸೆ. ಮಾಸ್ತರರು ಚಳಿಗಾಲದಲ್ಲಿ ತೀರಿಕೊಂಡಿದ್ದರು. ತರುಣ ಖಾನಾವಳಿಯ ಮಾತೆತ್ತಿದ. ಸೊಸೆ ನೆನಪಿಸಿಕೊಂಡು ಹೇಳಿದಳು. “ನಾವು ಗಂಡ ಹೆಂಡ್ತಿ ಇಬ್ಬರೂ ಶಾಲೆಗೆ ಕಲಸಾಕ ಹೋಗೂ ಮಂದಿ, ಮಾವನೋರು ಮಧ್ಯಾಹ್ನ ಅಲ್ಲೇ ಉಣತಿದ್ರು. ಒಂದೆರಡು ಸಲ ಭಾಳ ಮಂದಿ ಅದಾರ ಅಂತ ಹಂಗ ಹಸಗೊಂಡು ತಿರುಗಿ ಬಂದ್ರು. ಆಮ್ಯಾಲೆ ಹೋಗೂದ ಬಿಟ್ರು. ಮನ್ಯಾಗ ಬ್ರೆಡ್ ತಿನ್ನತಿದ್ರು.” ಮುದುಕರ ಸಾವಿಗೂ ಇದಕ್ಕೂ ಸಂಬಂಧವಿದೆಯೆಂದು ಅವಳು ಹೇಳಲಿಲ್ಲ. ಸಂಬಂಧವಿರಲೂ ಇಲ್ಲ, ಅವರಿಗೆ ಎಂಬತ್ತೊಂದಾಗಿತ್ತು.

ತರುಣ ರಸ್ತೆಗೆ ಬಂದು ನಿಂತ. ಫೋನು ತೆಗೆದು ತನ್ನ ಪೋರ್ಟ್‌ಫೋಲಿಯೋದ ಮೊದಲ ಪುಟ ತೆರೆದ. ಸಾಲಿನ ಫೋಟೋವನ್ನು ದೊಡ್ಡದು ಮಾಡಿ ಒಂದೊಂದೇ ಮುಖ ನೋಡುತ್ತ ಹೋದ. ಸಾಲಿನ ಕೊನೆಯಲ್ಲಿ, ತಿರುವಿನ ಹತ್ತಿರ, ಬಿಳಿ ಟೋಪಿ ಹಾಕಿ, ಕೋಲು ಊರಿ ಮಾಸ್ತರರು ನಿಂತಿದ್ದರು. ಒಂದು ವರ್ಷ ಅವನು ಆ ಫೋಟೋವನ್ನು ನೂರು ಜನರಿಗೆ ತೋರಿಸಿದ್ದ.

ಅಲ್ಲಿಯೇ ನಿಂತು ಅವನು ವಿಡಿಯೋ ಅಳಿಸಿದ. ಮೊದಲ ಪುಟವನ್ನೂ ಅಳಿಸಿದ.

ಕಂಪನಿಗೆ ಮರಳಿದಾಗ ಮೇಲಧಿಕಾರಿ ಕೆಂಡವಾದ. ಆರು ಲಕ್ಷ ಜನ ನೋಡಿದ್ದನ್ನು ಯಾರಾದರೂ ಅಳಿಸುತ್ತಾರೆಯೇ, ಮತ್ತೆ ಹಾಕು ಎಂದ. ತರುಣ ಹಾಕುವುದಿಲ್ಲ ಎಂದ. ಮಾತು ಬೆಳೆಯಲಿಲ್ಲ. ಆ ತಿಂಗಳ ಕೊನೆಗೆ ಅವನು ಕೆಲಸ ಬಿಟ್ಟ. ಬಿಟ್ಟನೋ, ಬಿಡಿಸಿದರೋ, ಎರಡೂ ಒಂದೇ ಆಗಿತ್ತು. ಅಂದು ಅವನಿಗೆ ಹೆಮ್ಮೆಯೇನೂ ಆಗಲಿಲ್ಲ. ಭಯವಾಯಿತು. ಮನೆಯಲ್ಲಿ ಎರಡು ವಾರ ಹೇಳಲಿಲ್ಲ.

ಅವನು ಪುಸ್ತಕ ಹಿಡಿದು ಖಾನಾವಳಿಯವಳ ಮನೆಗೆ ಹೋದ. ಬರುವವರು ಇಪ್ಪತ್ತಾರು ಜನ. ಅವಳು ನಲವತ್ತಮೂರು ಹೆಸರನ್ನೂ ಓದಿಸಿ ಕೇಳಿದಳು. ಮಾಸ್ತರರ ಹೆಸರಿಗೆ ಬಂದಾಗ ಅವನು ನಿಲ್ಲಿಸಿದ. ಅವಳಿಗೆ ತಿಳಿಯಿತು. ಆಮೇಲೆ ಕೇಳಿದಳು. “ಮತ್ತ ಕಾರಿನ ಮಂದಿ ಬಂದು ಮುಕರಿದ್ರ?”

“ಈ ಸಲ ನಾ ಯಾರನ್ನೂ ಹೊರಗಿಂದ ಕರಿಯೂದಿಲ್ರಿ” ಎಂದ ಅವನು.

ಖಾನಾವಳಿ ಒಂದೇ ಕೋಣೆಯಲ್ಲಿ ಮತ್ತೆ ತೆರೆಯಿತು. ಹನ್ನೆರಡೂವರೆಯಿಂದ ಒಂದರವರೆಗೆ ಎರಡು ಬೆಂಚು ಡಿಪೋದವರಿಗೆ ಮಾತ್ರ. ತರುಣ ಇಪ್ಪತ್ತಾರು ಜನರನ್ನು ಸೇರಿಸಿ ವಾಟ್ಸಾಪ್‌ನಲ್ಲಿ ಒಂದು ಗುಂಪು ಮಾಡಿಕೊಟ್ಟ. ಬೆಳಿಗ್ಗೆ ಎಂಟಕ್ಕೆ ನಾದಿನಿ ಇಂದಿನ ಪಲ್ಯ ಯಾವುದೆಂದು ಅದರಲ್ಲಿ ಹೇಳುತ್ತಿದ್ದಳು. ಬರುವವರು ಹತ್ತರೊಳಗೆ ಹೂಂ ಎನ್ನುತ್ತಿದ್ದರು. ಅಷ್ಟೇ ಹಿಟ್ಟು ಕಲಸುತ್ತಿದ್ದರು. ಯಾರಾದರೂ ಮೂರು ದಿನ ಹೂಂ ಎನ್ನದಿದ್ದರೆ ಖಾನಾವಳಿಯವಳೇ ಫೋನ್ ಮಾಡಿ, “ಮೈಯಾಗ ಆರಾಮ ಇದ್ದೀರಿಲ್ಲೋ?” ಎಂದು ಕೇಳುತ್ತಿದ್ದಳು. ಕೆಲವು ತಿಂಗಳಲ್ಲಿ ಗುಂಪು ಐವತ್ತಾಯಿತು. ಹೊಸದಾಗಿ ಸೇರಿದವರೆಲ್ಲ ಮೊದಲಿನವರೇ ಕರೆತಂದವರು. ಐವತ್ತಕ್ಕೆ ಅವಳು ಸಾಕೆಂದಳು, ಅವನು ನಿಲ್ಲಿಸಿದ.

ಡಿಪೋ ಪಕ್ಕದ ಸಮವಸ್ತ್ರ ಹೊಲಿಯುವ ದರ್ಜಿ ಇದನ್ನೆಲ್ಲ ನೋಡುತ್ತಿದ್ದ. ನನಗೂ ಹೀಗೇನಾದರೂ ಮಾಡಿಕೊಡು ಎಂದ. ಆಮೇಲೆ ಒಬ್ಬ ಕನ್ನಡಕದ ಅಂಗಡಿಯವನು ಬಂದ, ಆಮೇಲೆ ಒಬ್ಬ ಸಸಿ ಮಾರುವವಳು ಬಂದಳು. ಯಾರು ಬಂದರೂ ತರುಣ ಮೊದಲು ಮೂರು ದಿನ ಅವರ ಅಂಗಡಿಯಲ್ಲಿ ಫೋನು ಮುಟ್ಟದೆ ಕೂರುತ್ತಿದ್ದ. ಈಗ ಬರುತ್ತಿರುವವರು ಯಾರು, ಯಾಕೆ ಬರುತ್ತಾರೆ, ಹೊಸಬರು ಬಂದರೆ ಇವರು ಎಲ್ಲಿ ನಿಲ್ಲುತ್ತಾರೆ ಎಂದು ಕೇಳುತ್ತಿದ್ದ. ಕೆಲವರಿಗೆ, ನಿಮಗೆ ನನ್ನ ಅಗತ್ಯವಿಲ್ಲ ಎಂದು ಹೇಳಿ ಎದ್ದು ಬರುತ್ತಿದ್ದ. ಇನ್ನು ಕೆಲವರಿಗೆ ಸಾವಿರಾರು ಜನರನ್ನು ಕರೆದುಕೊಟ್ಟ. ಅವರ ಹತ್ತಿರ ಅಷ್ಟು ಜನಕ್ಕೆ ಜಾಗವೂ ಇತ್ತು, ಕೈಯೂ ಇತ್ತು. ಈಗ ಅವನ ಜೊತೆ ಇನ್ನೂ ನಾಲ್ವರು ಕೆಲಸ ಮಾಡುತ್ತಾರೆ.

ಇನಾಮದಾರ್ ಸರ್ ಕತೆ ನಿಲ್ಲಿಸಿದರು.

ನಾಗವೇಣಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ತಲೆಯೆತ್ತಿ ಕೇಳಿದಳು. “ಸರ್, ಆ ಇಪ್ಪತ್ತಾರು ಜನರನ್ನು ವಾಪಸ್ ತಂದ ಕೆಲಸವನ್ನು ಅವನು ತನ್ನ ಪೋರ್ಟ್‌ಫೋಲಿಯೋದಲ್ಲಿ ಹೇಗೆ ತೋರಿಸಿದ?”

ಸರ್ ಹೇಳಿದರು, “ಅವನು ಎಲ್ಲೂ ತೋರಿಸಲಿಲ್ಲ. ಕೆಲಸ ಕಂಡವರು ಹೇಳುತ್ತಾರೆ, ಈಗ ನಾನು ಹೇಳುತ್ತಿದ್ದೇನೆ.”

ನಾಗವೇಣಿ ಅದನ್ನೂ ಬರೆದುಕೊಂಡಳು.