ಬಂದವನ ಬಯಲು

ಬಿದರಕೋಟೆಯ ಹಳೆಯ ಹೆಬ್ಬಾಗಿಲ ಪಕ್ಕದಲ್ಲಿ ಈಗ ಒಂದು ಸಣ್ಣ ವಸ್ತುಸಂಗ್ರಹಾಲಯವಿದೆ. ನೋಡಲು ಬಂದವರು ತುಕ್ಕು ಹಿಡಿದ ಕತ್ತಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಬಾಗಿಲ ಬಳಿಯ ವೀರಗಲ್ಲಿಗೆ ಕೈಮುಗಿಯುತ್ತಾರೆ, ಆಮೇಲೆ ಹೊಳೆದಂಡೆಯ ರಣಭೂಮಿಗೆ ದಾರಿ ಕೇಳುತ್ತಾರೆ. ಅದಕ್ಕೆ ಬಂದವನ ಬಯಲು ಎಂದು ಹೆಸರು. ಯಾರೋ ರಾಜ ಬಂದು ಬಿಡಾರ ಹೂಡಿದ್ದ ಜಾಗವೆಂದು ಗೈಡುಗಳು ಬಾಯಿಗೆ ಬಂದದ್ದು ಹೇಳಿ ಕಳಿಸುತ್ತಾರೆ. ಇಪ್ಪತ್ತು ವರ್ಷ ಆ ಕಟ್ಟಡದ ಬೀಗದ ಕೈ ಇಟ್ಟುಕೊಂಡಿದ್ದ ನನಗೆ ಇದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಅಲ್ಲಿಗೆ ಬಂದವನು ರಾಜನಲ್ಲ.

ಹಿಂದೆ ಒಮ್ಮೆ, ಬಾಚಿಗೌಡನೆಂಬವನು ಈ ಊರಿನ ಪ್ರಭುವಾಗಿದ್ದಾಗ, ಹೊಳೆಯಾಚೆಯ ನಾಯಕನ ದಂಡು ಏರಿ ಬಂದಿತು ಎನ್ನುತ್ತಾರೆ. ಬಾಚಿಗೌಡ ಮೂವತ್ತು ಆಳುಗಳೊಡನೆ ಎದುರಿಸಲು ಹೋದವನು, ಈಟಿಗಳನ್ನು ಕಂಡದ್ದೇ ತಡ, ಬೆನ್ನು ತೋರಿಸಿದ. ಆ ಆಳುಗಳಲ್ಲಿ ಹೊಳೆ ದಾಟುವ ಜಾಗವನ್ನು ಬಿಡದೆ ನಿಂತವನು ಕೇತಮಲ್ಲನೆಂಬವನೊಬ್ಬನೇ; ದಂಡು ಊರಿಗೆ ನುಗ್ಗದೆ ಅಲ್ಲಿಂದಲೇ ಹಿಂದಿರುಗಿತು. ಓಡಿ ಬಂದವರಿಗೆ ಊರಿಗೆ ಮುಖ ತೋರಿಸಬೇಕಲ್ಲ! ತಾವೆಲ್ಲ ಕೊನೆಯವರೆಗೆ ಕಾದಿದೆವು, ಕೇತಮಲ್ಲ ತಮ್ಮ ಕಣ್ಣೆದುರೇ ಬಿದ್ದ ಎಂದು ಆಣೆಯಿಟ್ಟು ಹೇಳಿದರು. ಕಾದಿ ಸತ್ತವನಿಗೆ ಕಲ್ಲು ನಿಲ್ಲಿಸಿ, ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟುಕೊಡುವುದು ಆ ಕಾಲದ ಪದ್ಧತಿ. ಈಗ ಬಾಗಿಲ ಬಳಿಯಿರುವ ವೀರಗಲ್ಲನ್ನು ಕಲ್ಲುಕುಟಿಗ ನಾಗೋಜ ಕಡೆದ. ಕೇತಮಲ್ಲನ ಹೆಂಡತಿ ಚಾಗವ್ವೆಗೂ ಅವಳ ಎರಡು ಕೂಸುಗಳಿಗೂ ಹೊಳೆದಂಡೆಯ ಆ ಬಯಲೇ ಕೊಡಗೆಯಾಗಿ ಸಂದಿತು.

ನಲವತ್ತು ದಿನ ಕಳೆದ ಮೇಲೆ ಕೇತಮಲ್ಲ ನಡೆದುಕೊಂಡು ಬಂದ. ಸೆರೆ ಹಿಡಿದಿದ್ದ ಶತ್ರುಗಳು ಅವನ ಬಲಗೈ ಕಡಿದು ಬಿಟ್ಟುಕಳಿಸಿದ್ದರು. ಊರು ಕುಣಿದಾಡಬೇಕಿತ್ತು, ಆದರೆ ಊರಿಗೆ ಭಯವಾಯಿತು. ಪೂಜೆಗೊಂಡ ಕಲ್ಲನ್ನು ಕಿತ್ತರೆ ಊರು ಹಾಳಾಗುತ್ತದೆಂಬುದು ಎಲ್ಲರ ನಂಬಿಕೆ. ಬಾಚಿಗೌಡನ ಭಯ ಬೇರೆ: ಇವನು ಬಾಯಿ ತೆರೆದರೆ ಓಡಿ ಬಂದವರ ಮಾನ ಬೀದಿಪಾಲು. ಅವನು ಆ ಬಯಲಿನಲ್ಲೇ ಜನರನ್ನು ಕೂಡಿಸಿ, ಕಲ್ಲಿನ ಮೇಲಿನ ವೀರನಿಗೆ ಎಷ್ಟು ಕೈ ಎಂದು ನಾಗೋಜನನ್ನು ಕೇಳಿದ. ಎರಡು ಎಂದ ನಾಗೋಜ, ತಲೆಯೆತ್ತದೆ. ಇವನಿಗೆ ಒಂದೇ ಇದೆಯಲ್ಲ ಎಂದು ಗೌಡ ನಕ್ಕ. ಓಡಿ ಬಂದವರೆಲ್ಲರೂ ನಕ್ಕರು. ಥೂ, ಅವರ ಜನ್ಮಕ್ಕಿಷ್ಟು!

ಬಳಿಕ ಗೌಡ ಚಾಗವ್ವೆಯ ಕಡೆ ತಿರುಗಿದ. “ಇವ ನಿನ್ನ ಗಂಡ ಹೌದೇನವ್ವಾ? ಹೌದಂದ್ರ ಶತ್ರುವಿಗೆ ಶರಣಾಗಿ ಜೀವ ಉಳಿಸ್ಕೊಂಡಾನ. ಇವನ ತಲೀನೂ ಹೋಗತೈತಿ, ಹೊಲಾನೂ ಹೋಗತೈತಿ. ನೀನು ಕೂಸು ಕಟಗೊಂಡು ಊರು ಬಿಡು. ಅಲ್ಲ ಅಂದ್ರ ಇವ ಶತ್ರುವಿನ ಬೇಹಿನವ, ಇವನ ತಲಿ ಅಷ್ಟ ಹೋಗತೈತಿ, ಹೊಲ ನಿನಗ ಉಳೀತೈತಿ.”

ಚಾಗವ್ವೆ ಎರಡೂ ಕೂಸುಗಳನ್ನು ಹತ್ತಿರಕ್ಕೆಳೆದುಕೊಂಡಳು. ಕೇತಮಲ್ಲ ಮಕ್ಕಳನ್ನು ನೋಡಿದ. ನಲವತ್ತು ದಿನದಲ್ಲಿ ಅವರ ಕೆನ್ನೆ ತುಂಬಿಕೊಂಡಿತ್ತು.

“ಈ ತಾಯೀನ ನಾ ಎಂದೂ ಕಂಡಿಲ್ಲ,” ಎಂದ.

ಅಲ್ಲೇ ಕಡಿದರು. ಬೇಹಿನವನಿಗೆ ಸಂಸ್ಕಾರವಿಲ್ಲವೆಂದು ಹೆಣವನ್ನು ನಾಯಿನರಿಗಳಿಗೆ ಬಿಟ್ಟರು. ಅಷ್ಟು ಸಾಲದೆಂಬಂತೆ ಆ ಸಂಜೆಯೇ ಚಾಗವ್ವೆಯನ್ನು ಕರೆಸಿ ವೀರಗಲ್ಲಿಗೆ ಆರತಿ ಎತ್ತಿಸಿದರು. ಅವಳು ಅತ್ತರೆ ವೀರನಿಗಾಗಿ ಅಳುತ್ತಾಳೆಂದು ಕೊಂಡಾಡಿದರು. ಮಕ್ಕಳು ಬೆಳೆದು ಬುದ್ಧಿ ಬಂದ ಮೇಲೆ, ನಮ್ಮ ಹೊಲದಲ್ಲಿ ಸತ್ತವನು ಯಾರವ್ವಾ ಎಂದು ಕೇಳಿದರಂತೆ. “ಯಾರೋ ಬಂದವ,” ಎಂದಳು ಚಾಗವ್ವೆ. ಅವಳು ಕೊಟ್ಟ ಹೆಸರೇ ಬಯಲಿಗೆ ನಿಂತಿತು ಎನ್ನುತ್ತಾರೆ.

ಆ ಮನೆತನದವರು ಈಗಲೂ ಅಲ್ಲಿ ಜೋಳ ಬೆಳೆಯುತ್ತಾರೆ. ಹೋದವರು ನೋಡಬಹುದು: ಹೊಲದ ನಡುವೆ ಒಬ್ಬ ಮನುಷ್ಯ ಕೈಕಾಲು ಚಾಚಿ ಮಲಗುವಷ್ಟು ನೆಲವನ್ನು ಉಳದೆ ಬಿಟ್ಟಿದ್ದಾರೆ. ಯಾಕೆಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ಹಿಂದಿನ ಅಜ್ಜಿಯೊಬ್ಬಳು ಅಲ್ಲಿ ನೇಗಿಲು ಹಾಯಿಸಲು ಬಿಡುತ್ತಿರಲಿಲ್ಲವಂತೆ, ಅಷ್ಟೇ ಹೇಳುತ್ತಾರೆ.