ಎರಡು ಊರಿನ ಅಳು

"ಸರ್, ಎರಡು ಭಾಷೆಯ ಹಾಡುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದುವವಳು ಕೊನೆಗೆ ಯಾರಿಗೆ ಸೇರಿದವಳು?"

ದಾಕ್ಷಾಯಿಣಿ ಹೀಗೆ ಕೇಳಿದ್ದು ಇನಾಮದಾರ ಮೇಷ್ಟ್ರನ್ನು. ವಿಶ್ವವಿದ್ಯಾಲಯದ ತುಲನಾತ್ಮಕ ಸಾಹಿತ್ಯ ವಿಭಾಗದಲ್ಲಿ ಆ ವರ್ಷ ಉಳಿದಿದ್ದ ವಿದ್ಯಾರ್ಥಿನಿ ಅವಳೊಬ್ಬಳೇ. ಕನ್ನಡ ವಿಭಾಗದವರು ಅವಳನ್ನು ಮರಾಠಿಯ ಕಡೆಯವಳು ಎನ್ನುತ್ತಿದ್ದರು, ಮರಾಠಿಯವರು ಕನ್ನಡದ ಕಡೆಗೆ ಕೈ ತೋರುತ್ತಿದ್ದರು. ಊರಿಗೆ ಫೋನ್ ಮಾಡಿದರೆ ತಾಯಿ ಊಟವಾಯಿತೇ ಎಂದು ಕೇಳುತ್ತಿದ್ದಳು. ಓದಿನ ಮಾತು ಬಂದರೆ ಇಬ್ಬರೂ ಬೇರೆ ಮಾತು ತೆಗೆಯುತ್ತಿದ್ದರು. ನಾಲ್ಕು ವರ್ಷ ಓದಿದ್ದನ್ನು ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಅವಳಿಗೆ ಒಬ್ಬರೂ ಇರಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದಿಟ್ಟು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಾಡುಗಾರ್ತಿ ಇದ್ದಳು. ಯಾರ ಮನೆಯಲ್ಲಿ ಸಾವಾದರೂ ಅವಳನ್ನು ಕರೆಯುತ್ತಿದ್ದರು. ಆ ಊರಿನಲ್ಲಿ ಸತ್ತವರನ್ನು ಹೊಗಳಿ ಅಳುವುದು ರೂಢಿ. ಕುರಿ ಕಾಯುವವನು ಸತ್ತರೂ ಅವಳ ಹಾಡಿನಲ್ಲಿ ಅವನು ದೊರೆಯಾಗುತ್ತಿದ್ದ. ಒಂದು ದಿನ ಅವಳ ಗಂಡನೇ ಸತ್ತ. ಅವಳು ಹೆಣದ ಮುಂದೆ ಕೂತು ಬಾಯಿ ತೆರೆದಳು. ಊರಿನವರಿಗೆಲ್ಲ ಹಾಡಿದ ಮಾತುಗಳೇ ಬಂದವು. ಅವನಿಗೆಂದು ಒಂದು ಮಾತೂ ಬರಲಿಲ್ಲ. ಅವಳು ಅಳದೆ ಎದ್ದಳು.

ಬೆಟ್ಟದ ಆಚೆಯವರು ಬೇರೆ ಭಾಷೆಯಲ್ಲಿ, ಬೇರೆ ರೀತಿಯಲ್ಲಿ ಅಳುತ್ತಾರೆಂದು ಕೇಳಿ ಅವಳು ಅಲ್ಲಿಗೆ ಹೋದಳು. ಅಲ್ಲಿಯವರು ಸತ್ತವರನ್ನು ಬೈದು ಅಳುತ್ತಿದ್ದರು. ಸೂರು ಸೋರುವಾಗ ಬಿಟ್ಟು ಹೋದೆಯಾ, ನಿನಗೆ ನಾಚಿಕೆಯಿಲ್ಲವೇ ಎಂದು ಕೇಳುತ್ತಿದ್ದರು. ಮೂರು ವರ್ಷ ಇದ್ದು ಅವಳು ಆ ಭಾಷೆ ಕಲಿತಳು, ಆ ಬೈಗುಳ ಕಲಿತಳು. ಆದರೆ ಒಂದು ಸಾವಿನ ಮನೆಯಲ್ಲಿ ಅಭ್ಯಾಸಬಲದಿಂದ ಹೊಗಳಿಕೆಯ ಮಾತೊಂದು ಬಾಯಿಂದ ಜಾರಿತು. "ಅವನು ಎಂಥವನೆಂದು ನಮಗೆ ಗೊತ್ತಿಲ್ಲವೇ? ನೀನು ನಮ್ಮವಳಲ್ಲ ಬಿಡು" ಎಂದು ಮುದುಕಿಯರು ನಕ್ಕರು.

ಅವಳು ತನ್ನ ಊರಿಗೆ ಮರಳಿದಳು. ಮೊದಲ ಸಾವಿನಲ್ಲೇ ಅವಳ ಬಾಯಿಗೆ ಬೈಗುಳ ಬಂತು. ಊರು ಕೆರಳಿತು. ಆಮೇಲೆ ಯಾರೂ ಅವಳನ್ನು ಕರೆಯಲಿಲ್ಲ. ಆಚೆಯ ಹಾಡಿನಲ್ಲಿ ಏನಿದೆ, ಈಚೆಯದರಲ್ಲಿ ಏನಿಲ್ಲ ಎಂಬುದು ಅವಳಿಗೆ ತಿಳಿದಿತ್ತು. ಕೇಳುವವರು ಇರಲಿಲ್ಲ. ಅನ್ನ ಬೇಯಿಸಿಕೊಳ್ಳುವಾಗ ಒಬ್ಬಳೇ ಎರಡೂ ಭಾಷೆಯಲ್ಲಿ ಗುನುಗುತ್ತಿದ್ದಳು.

ಹೀಗೇ ಎಷ್ಟೋ ಕಾಲ ಕಳೆಯಿತು. ಒಂದು ಸುಗ್ಗಿಯಲ್ಲಿ ಬೆಟ್ಟದ ಆಚೆಯಿಂದ ಚಾಪೆ ಮಾರುವ ಗಂಡಹೆಂಡಿರು ಆ ಊರಿಗೆ ಬಂದರು. ಗಂಡ ಜ್ವರ ಬಂದು ಎರಡೇ ದಿನಕ್ಕೆ ತೀರಿಕೊಂಡ. ಊರಿನವರು ಮರುಗಿ ಚಟ್ಟ ಕಟ್ಟಿದರು. ಅಷ್ಟರಲ್ಲಿ ಹೆಂಡತಿ ಹೆಣದ ಎದೆಗೆ ಗುದ್ದಿ ಕೂಗಾಡತೊಡಗಿದಳು. ಭಾಷೆ ತಿಳಿಯದಿದ್ದರೂ ಬೈಗುಳವೆಂದು ಎಲ್ಲರಿಗೂ ಗೊತ್ತಾಯಿತು. "ಎಂಥ ಕಲ್ಲೆದೆಯವಳು! ಇವಳೇ ಏನೋ ಮಾಡಿರಬೇಕು" ಎಂದು ಯಾರೋ ಅಂದರು. ಹೆಗಲು ಕೊಡಲು ಬಂದವರು ಹಿಂದೆ ಸರಿದರು. ಬಿಸಿಲು ಏರಿತು. ಚಟ್ಟ ನೆಲದ ಮೇಲೇ ಉಳಿಯಿತು.

ಕೂಗು ಕೇಳಿ ಹಾಡುಗಾರ್ತಿ ಮನೆಯಿಂದ ಹೊರಗೆ ಬಂದಳು. ಯಾರೂ ಕರೆದಿರಲಿಲ್ಲ. ಹೋಗಿ ಆ ಹೆಂಗಸಿನ ಪಕ್ಕದಲ್ಲಿ ಕೂತಳು. ಆಚೆಯ ಭಾಷೆಯಲ್ಲಿ ತಾನೂ ಹೆಣವನ್ನು ಬೈದಳು. "ಚಾಪೆಯ ಹೊರೆ ಇವಳ ತಲೆಗೆ ಹೊರಿಸಿ ಮಲಗಿದೆಯಾ? ಇವಳೊಬ್ಬಳೇ ಬೆಟ್ಟ ಹೇಗೆ ಹತ್ತಬೇಕು? ಹೇಳಿ ಹೋಗಬಾರದಿತ್ತೇ?" ಹೆಂಗಸು ಬೆರಗಾಗಿ ಅವಳತ್ತ ತಿರುಗಿದಳು, ಅವಳ ಹೆಗಲಿಗೆ ಮುಖವೊತ್ತಿ ಬಿಕ್ಕಿದಳು. ಹೇಳಿ ಹೋಗಬಾರದಿತ್ತೇ ಎಂಬ ಮಾತು ತನ್ನ ಗಂಡನಿಗೆ ಹೇಳಿದ್ದೆಂದು ಹಾಡುಗಾರ್ತಿಗೆ ಮಾತ್ರ ಗೊತ್ತಿತ್ತು.

ಬಳಿಕ ಅವಳು ಊರಿನ ಕಡೆಗೆ ತಿರುಗಿ, ಊರಿನ ಭಾಷೆಯಲ್ಲಿ ಹಾಡಿದಳು. ಹೆಂಡತಿಗೆ ಎಂದೂ ಹೊರೆ ಹೊರಿಸದ ದೊರೆ ಇವನು, ಬೆಟ್ಟದ ದಾರಿಯಲ್ಲಿ ಅವಳ ಮುಂದೆ ನಡೆದ ದೊರೆ, ಅಂಥವನು ಬಿಟ್ಟು ಹೋದನೆಂದೇ ಇವಳು ಬೈಯುತ್ತಾಳೆ ಎಂದು ಹಾಡಿದಳು. ಬೈಗುಳದ ಅರ್ಥ ಊರಿಗೆ ಆಗ ತಿಳಿಯಿತು. ಗಂಡಸರು ತಲೆ ತಗ್ಗಿಸಿ ಬಂದು ಚಟ್ಟಕ್ಕೆ ಹೆಗಲು ಕೊಟ್ಟರು.

ಮಣ್ಣು ಮಾಡಿ ಬಂದ ಮೇಲೆ ಆ ಹೆಂಗಸು ಕೇಳಿದಳು. "ಅಕ್ಕಾ, ನೀನು ನಮ್ಮ ಊರಿನವಳೇ?"

"ಅಲ್ಲವ್ವ."

"ಹಾಗಾದರೆ ಇವರ ಪೈಕಿಯವಳೇ?"

ಹಾಡುಗಾರ್ತಿ ಅವಳ ಚಾಪೆಯ ಹೊರೆಯನ್ನು ಬಿಗಿದು ಕಟ್ಟಿಕೊಟ್ಟಳು. ಮರುದಿನ ಆ ಹೆಂಗಸು ಬೆಟ್ಟ ಹತ್ತಿ ತನ್ನವರ ಬಳಿಗೆ ಹೋದಳು. ಹಾಡುಗಾರ್ತಿ ತನ್ನ ಮನೆಗೆ ಬಂದು ಒಲೆ ಹಚ್ಚಿದಳು.

ಮೇಷ್ಟ್ರು ಇಷ್ಟು ಹೇಳಿ ನಿಲ್ಲಿಸಿದರು. ದಾಕ್ಷಾಯಿಣಿ ಕಾದಳು. ಕತೆ ಮುಂದುವರಿಯಲಿಲ್ಲ.

"ಅಷ್ಟೆಲ್ಲ ಆದ ಮೇಲಾದರೂ ಒಂಟಿತನ ಹೋಯಿತೇ ಸರ್?" ಎಂದು ಕೇಳಿದಳು.

"ಹೋಯಿತು," ಎಂದರು ಮೇಷ್ಟ್ರು, "ಚಾಪೆ ಮಾರುವವಳದು."